ಇರುವೆ ಸೈಕಲ್ ಹತ್ತಿದ ಸಿನಿಮಾ, ಮೋರನಾಳದ ಪರದೆ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಲಕ್ಕಲಕಟ್ಟಿ, ಗಜೇಂದ್ರಗಡದ ಗೆಳೆಯರೇ, ಇವತ್ತು ‘ಡೆಸ್ಟಿನೊ’ ಕಥೆ.

1945ರಲ್ಲಿ ವಾಲ್ಟ್ ಡಿಸ್ನಿ ಮತ್ತು ವಿಚಿತ್ರ ಕನಸುಗಳನ್ನೇ ಬಿಡಿಸುತ್ತಿದ್ದ ಸಾಲ್ವಡಾರ್ ಡಾಲಿ ಜೊತೆಗೂಡಿದರು. ಮೆಕ್ಸಿಕೊದ ಅರ್ಮಾಂಡೊ ಡೊಮಿಂಗೆಜ್ ಅವರ ಹಾಡಿಗೆ ಒಂದು ಕಾರ್ಟೂನ್ ಕಿರುಚಿತ್ರ. ಅಂಗೈಯಿಂದ ಇರುವೆ ಹೊರಬರ್ತಾವ, ನೋಡ್ತಾ ನೋಡ್ತಾ ಸೈಕಲ್ ಸವಾರರಾಗ್ತಾವ! ಸ್ಟುಡಿಯೊದ ಜಾನ್ ಹೆಂಚ್ ಜೊತೆ ಡಾಲಿ ತಿಂಗಳುಗಟ್ಟಲೆ ಚಿತ್ರ ಬಿಡಿಸಿದರು. ಆಮೇಲೆ ದುಡ್ಡಿನ ಮುಗ್ಗಟ್ಟು. ಕೆಲಸ ನಿಂತಾಗ ಕೈಯಲ್ಲಿದ್ದದ್ದು ಸುಮಾರು 17 ಸೆಕೆಂಡಿನ ಫಿಲ್ಮ್.

ಆದರೆ ಚಿತ್ರಗಳು ಉಳಿದಿದ್ದವು, ಹಾಡಿನ ರೆಕಾರ್ಡಿಂಗ್ ಇತ್ತು, ಹೆಂಚ್ ಕೂಡ ಬದುಕಿದ್ದರು. ಹಂಗಾಗಿ 2003ರಲ್ಲಿ ಡೊಮಿನಿಕ್ ಮಾನ್‌ಫೆರಿ ನಿರ್ದೇಶನದಲ್ಲಿ ಸಿನಿಮಾ ಮುಗೀತು. ಡಾಲಿ ತೀರಿಕೊಂಡು ಆಗಲೇ 14 ವರ್ಷ.

ಹಾಡಿಗೆ ಕುಣಿಯೋ ಚಿತ್ರ ನಮ್ಮ ಕಡೆ ಹೊಸದೇನಲ್ಲ. ತೊಗಲು ಗೊಂಬೆ ಆಟ ಐತಲ್ಲ! ಹದ ಮಾಡಿದ ತೊಗಲಿಗೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಹತ್ತು ತಲೆಯ ರಾವಣ ಕುಣಿಯುವಾಗ ಡಾಲಿ ಯಾಕ್ರಿ ಬೇಕು? ಪಕ್ಕದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದಕ್ಕೇ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ.

ಡಿಸ್ನಿಯವರ ಹತ್ತಿರ ದೃಶ್ಯಗಳ ಕಾಗದ ಇತ್ತು. ಇಲ್ಲಿ ಯಾವ ಪದಕ್ಕೆ ಗೊಂಬೆಯ ಕೈ ಎತ್ತಬೇಕು, ಯಾವಾಗ ಪರದೆಯಿಂದ ಹಿಂದಕ್ಕೆ ಎಳೆದು ನೆರಳು ಮಸುಕು ಮಾಡಬೇಕು ಅನ್ನೋದು ಅಜ್ಜಿ, ಅವ್ವನ ಪಕ್ಕ ಕೂತು ಕಲಿತ ಕೈಗಳಲ್ಲೇ ಇರ್ತದ. ಮುಂದಿನ ಸಲ ಆಟ ನೋಡಿದಾಗ ಕಲಾವಿದರನ್ನ ಕೇಳಿಕೊಂಡು ಪರದೆಯ ಹಿಂದೆನೂ ಮೊಬೈಲ್ ಹಿಡೀರಿ.