ಮೂರನೆಯ ದಿನದ ಲೆಕ್ಕ



ಪವಿತ್ರ ವಾರ ಬಂದಾಗಲೆಲ್ಲ ಧರ್ಮೋಪದೇಶದ ತರಗತಿಯ ಮಕ್ಕಳು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ. ಯೇಸುಸ್ವಾಮಿಯನ್ನು ಶುಕ್ರವಾರ ಸಂಜೆ ಸಮಾಧಿ ಮಾಡಿದರು. ಭಾನುವಾರ ಮುಂಜಾನೆ ಸಮಾಧಿ ಬರಿದಾಗಿತ್ತು. ಒಟ್ಟು ನಲವತ್ತು ಗಂಟೆಯೂ ಆಗಲಿಲ್ಲ. ಹಾಗಾದರೆ ಮೂರು ದಿನ ಹೇಗೆ? ಗದರಿಸಿ ಕೂರಿಸಿದರೆ ಈ ಪ್ರಶ್ನೆ ಸಾಯುವುದಿಲ್ಲ. ಅದು ಮಗುವಿನೊಂದಿಗೇ ಬೆಳೆದು, ಮುಂದೊಂದು ದಿನ ವಿಶ್ವಾಸವನ್ನೇ ಅಲುಗಾಡಿಸೀತು. ಆದ್ದರಿಂದ ನಾವು ಉತ್ತರ ಹುಡುಕಲೇಬೇಕು.

ಯೆಹೂದ್ಯರಿಗೆ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ನಮ್ಮ ನೆರೆಯ ಮುಸ್ಲಿಂ ಬಾಂಧವರಿಗೂ ಸಂಜೆ ಚಂದ್ರದರ್ಶನವಾದೊಡನೆ ಹೊಸ ತಿಂಗಳು ಹುಟ್ಟುತ್ತದೆ. ನಾವು ಕೂಡ ಶನಿವಾರ ಸಂಜೆಯ ಬಲಿಪೂಜೆಯನ್ನು ಭಾನುವಾರದ್ದೆಂದೇ ಎಣಿಸುತ್ತೇವೆ. ಅಲ್ಲದೆ ಅವರು ದಿನದ ಒಂದು ಭಾಗವನ್ನೂ ಒಂದು ದಿನವೆಂದೇ ಲೆಕ್ಕ ಹಿಡಿಯುತ್ತಿದ್ದರು. ಎಸ್ತೇರಳು ಮೂರು ದಿನ, ಹಗಲೂ ರಾತ್ರಿಯೂ ಉಪವಾಸವಿರಲು ಹೇಳಿ, ಮೂರನೆಯ ದಿನದಂದೇ ಅರಸನ ಮುಂದೆ ನಿಂತಳು. ಕನ್ನಡದಲ್ಲಿ ಈ ಲೆಕ್ಕ ಇನ್ನೂ ಜೀವಂತವಾಗಿದೆ. ವಾರಕ್ಕೊಂದು ಸಂತೆಯನ್ನು ನಾವು ಎಂಟು ದಿನಕ್ಕೊಮ್ಮೆ ಎನ್ನುತ್ತೇವಲ್ಲವೇ? ಸಂತ ಯೊವಾನ್ನರೂ ಮುಂದಿನ ಭಾನುವಾರವನ್ನು ಎಂಟು ದಿನಗಳ ನಂತರ ಎಂದೇ ಬರೆದರು. ಹೀಗೆ ಶುಕ್ರವಾರ ಒಂದು, ಶನಿವಾರ ಎರಡು, ಭಾನುವಾರ ಮೂರು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಮತ್ತೊಂದಿದೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಕಡೆಯ ಭೋಜನವೇ ಪಾಸ್ಖ ಭೋಜನ. ಯೇಸು ಮರಣ ಹೊಂದಿದ್ದು ಪಾಸ್ಖದ ದಿನ, ಅಂದರೆ ನಿಸಾನ್ ತಿಂಗಳ 15ರಂದು. ಯೊವಾನ್ನರಲ್ಲಾದರೋ ಪಿಲಾತನ ಮುಂದೆ ಯೇಸುವನ್ನು ತಂದವರು ಇನ್ನೂ ಪಾಸ್ಖ ಭೋಜನ ಮಾಡಿಲ್ಲ. ಅಂದು ಹಬ್ಬದ ಸಿದ್ಧತೆಯ ದಿನ, ನಿಸಾನ್ 14. ದೇವಾಲಯದಲ್ಲಿ ಪಾಸ್ಖದ ಕುರಿಮರಿಗಳನ್ನು ವಧಿಸುವ ದಿನವೇ ದೇವರ ಕುರಿಮರಿ ಶಿಲುಬೆಯಲ್ಲಿ ಪ್ರಾಣಬಿಟ್ಟಿತು. ವಾರ ಶುಕ್ರವಾರವೆಂಬುದರಲ್ಲಿ ನಾಲ್ವರಿಗೂ ಒಮ್ಮತವಿದೆ. ತಾರೀಖು ಮಾತ್ರ ಒಂದು ದಿನ ಆಚೀಚೆ.

ಇದನ್ನು ಧರ್ಮಸಭೆ ಮುಚ್ಚಿಟ್ಟಿಲ್ಲ. ಜಗದ್ಗುರು 16ನೇ ಬೆನೆಡಿಕ್ಟರು 2007ರ ಪವಿತ್ರ ಗುರುವಾರದ ಪ್ರಬೋಧನೆಯಲ್ಲಿ, ಯೇಸು ಬಹುಶಃ ಕುಮ್ರಾನ್ ಪಂಗಡದ ಪಂಚಾಂಗದಂತೆ ಮುಂಚಿತವಾಗಿ ಪಾಸ್ಖ ಆಚರಿಸಿದರೆಂದರು. 2011ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರೇ ಯೊವಾನ್ನರ ಕಾಲಕ್ರಮವನ್ನು ಒಪ್ಪಿ, ಆ ಭೋಜನ ಯೇಸುವಿನ ಹೊಸ ಪಾಸ್ಖ ಎಂದು ವಿವರಿಸಿದರು. ಯೊವಾನ್ನರ ಲೆಕ್ಕ ಹಿಡಿದರೆ, ಪಿಲಾತನ ಆಡಳಿತದ ವರ್ಷಗಳಲ್ಲಿ ಕ್ರಿ.ಶ. 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3, ಈ ಎರಡು ಶುಕ್ರವಾರಗಳು ಚೆನ್ನಾಗಿ ಹೊಂದುತ್ತವೆ.

ಒಂದು ದಿನದ ವ್ಯತ್ಯಾಸ ಬಂದ ಮಾತ್ರಕ್ಕೆ ಘಟನೆ ಸುಳ್ಳಾಗುವುದೇ? ನಮ್ಮ ಮಂಗಳೂರಿನ ಚರಿತ್ರೆಯನ್ನೇ ಕೇಳೋಣ. ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಹಿರಿಯರು ಸೆರೆಯಾದದ್ದು 1784ರ ಫೆಬ್ರವರಿ 24, ವಿಭೂತಿ ಬುಧವಾರ ಎಂದು ಓದುತ್ತಾ ಬಂದಿದ್ದೇವೆ. ಆದರೆ ಆ ವರ್ಷದ ಪಾಸ್ಖ ಹಬ್ಬ ಏಪ್ರಿಲ್ 11ರಂದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ಫೆಬ್ರವರಿ 25 ಆಗುತ್ತದೆ, 24 ಮಂಗಳವಾರ! ಹಾಗೆಂದು ಸೆರೆಯೇ ನಡೆಯಲಿಲ್ಲ ಎನ್ನೋಣವೇ? ಶ್ರೀರಂಗಪಟ್ಟಣದ ದಾರಿಯಲ್ಲಿ ಸತ್ತವರು, 1799ರಲ್ಲಿ ಟಿಪ್ಪು ಮಡಿದ ಮೇಲೆ ಮರಳಿದವರು, ಅವರು ಮತ್ತೆ ಕಟ್ಟಿದ ಚರ್ಚುಗಳು ಸುಳ್ಳೇ? ತಲೆಮಾರುಗಳ ನೆನಪಿನಲ್ಲಿ ಉಳಿದದ್ದು ತಪಸ್ಸುಕಾಲದ ಆ ಮೊದಲ ದಿನದ ನೋವು. ಅಂಕೆಯಲ್ಲಿ ಒಂದು ದಿನ ತಪ್ಪಿದರೂ ನೆನಪು ತಪ್ಪಲಿಲ್ಲ.

ಶುಭಸಂದೇಶಕಾರರೂ ದಿನಚರಿ ಬರೆಯಲು ಕುಳಿತವರಲ್ಲ. ಅವರು ಆಯ್ದು, ಜೋಡಿಸಿ ಬರೆದರೂ ಯೇಸುವಿನ ಬಗ್ಗೆ ಸತ್ಯವನ್ನೇ ಸಾರಿದರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಅವರ ಒಮ್ಮತ ಎಲ್ಲಿದೆ ನೋಡಿ: ಪಿಲಾತನ ತೀರ್ಪು, ಶುಕ್ರವಾರದ ಶಿಲುಬೆ, ಅರಿಮತಾಯದ ಜೋಸೆಫನ ಸಮಾಧಿ, ವಾರದ ಮೊದಲ ದಿನ ಅಲ್ಲಿಗೆ ಬಂದ ಮಗ್ದಲದ ಮರಿಯಳು. ಹೆಂಗಸರ ಮಾತಿಗೆ ಬೆಲೆ ಕಡಿಮೆಯಿದ್ದ ಆ ಕಾಲದಲ್ಲಿ, ಕಥೆ ಕಟ್ಟುವವರು ಹೆಣ್ಣನ್ನು ಮೊದಲ ಸಾಕ್ಷಿಯಾಗಿ ನಿಲ್ಲಿಸುತ್ತಿದ್ದರೇ?

ಪ್ರಿಯರೇ, ಮಕ್ಕಳು ಕೇಳಿದಾಗ ಹೆದರದಿರೋಣ. ಅವರೊಂದಿಗೆ ಕುಳಿತು ನಾಲ್ಕೂ ಶುಭಸಂದೇಶಗಳನ್ನು ತೆರೆಯೋಣ. ಶುಕ್ರವಾರ ಶಿಲುಬೆಯ ಬಳಿ, ಶನಿವಾರ ಮೌನದಲ್ಲಿ, ಭಾನುವಾರ ಬರಿದಾದ ಸಮಾಧಿಯ ಮುಂದೆ ನಿಂತವರಿಗೆ ಮೂರು ದಿನಗಳ ಅರ್ಥ ತಾನಾಗಿ ತಿಳಿಯುತ್ತದೆ. ಪುನರುತ್ಥಾನರಾದ ಕ್ರಿಸ್ತರ ಶಾಂತಿ ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ.