ಮಾಧ್ವ ಪರಂಪರೆಯಲ್ಲಿ ತತ್ತ್ವಶಾಸ್ತ್ರದ ಪ್ರಥಮ ಪಾಠ

ಭಕ್ತನಿಗೆ ತರ್ಕ ಬೇಡ, ತರ್ಕಿಸುವವನಲ್ಲಿ ಭಕ್ತಿ ನಿಲ್ಲದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಪರಂಪರೆಯ ಇತಿಹಾಸವು ಇದನ್ನು ಒಪ್ಪುವುದಿಲ್ಲ. ಇಲ್ಲಿ ವಿದ್ಯಾರ್ಥಿಯು ತತ್ತ್ವಶಾಸ್ತ್ರವನ್ನು ಪ್ರವೇಶಿಸುವ ದ್ವಾರವೇ ಜಿಜ್ಞಾಸೆ.

ಈ ಪರಂಪರೆಯ ಪ್ರಥಮ ವಿದ್ಯಾರ್ಥಿ ಸ್ವತಃ ಆಚಾರ್ಯರೇ. ಬಾಲಯತಿಗಳಾಗಿದ್ದ ಪೂರ್ಣಪ್ರಜ್ಞರಿಗೆ ಗುರುಗಳಾದ ಅಚ್ಯುತಪ್ರೇಕ್ಷರು 'ಇಷ್ಟಸಿದ್ಧಿ' ಎಂಬ ಅದ್ವೈತಗ್ರಂಥದ ಪಾಠವನ್ನು ಆರಂಭಿಸಿದಾಗ, ಮೊದಲ ಪದ್ಯದಲ್ಲಿಯೇ ಶಿಷ್ಯರು 32 ದೋಷಗಳನ್ನು ತೋರಿಸಿದರೆಂದು ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ' ಹೇಳುತ್ತದೆ. ಪ್ರಶ್ನಿಸಿದ ಶಿಷ್ಯರನ್ನು ಗುರುಗಳು ದೂರ ಮಾಡಲಿಲ್ಲ. ಮುಂದೆ ಅವರಿಗೇ ವೇದಾಂತ ಸಾಮ್ರಾಜ್ಯದ ಪಟ್ಟಾಭಿಷೇಕವನ್ನು ನೆರವೇರಿಸಿ ಆನಂದತೀರ್ಥರೆಂಬ ನಾಮವನ್ನಿತ್ತರು.

ಆಚಾರ್ಯರೂ ಗುರುಸ್ಥಾನದಲ್ಲಿ ನಿಂತು ಇದೇ ರೀತಿಯಲ್ಲಿ ನಡೆದುಕೊಂಡರು. ಕಾಸರಗೋಡು ಸೀಮೆಯ ಮಹಾವಿದ್ವಾಂಸರಾದ ತ್ರಿವಿಕ್ರಮ ಪಂಡಿತಾಚಾರ್ಯರು ಅವರೊಡನೆ 15 ದಿನಗಳ ಕಾಲ ವಾದ ನಡೆಸಿದರು. ತಮ್ಮ ಸಂಶಯಗಳೆಲ್ಲ ಪರಿಹಾರವಾದ ಮೇಲೆಯೇ ಶಿಷ್ಯರಾದರು. ಅವರ ಪ್ರಾರ್ಥನೆಯಂತೆ ರಚಿತವಾದದ್ದು 'ಅನುವ್ಯಾಖ್ಯಾನ'. ಅದಕ್ಕೆ 14ನೆಯ ಶತಮಾನದಲ್ಲಿ ಶ್ರೀ ಜಯತೀರ್ಥರು ಬರೆದ ಟೀಕೆಯೇ 'ಶ್ರೀಮನ್ನ್ಯಾಯಸುಧಾ'. ಇಂದಿಗೂ ದ್ವೈತವೇದಾಂತದ ಅಧ್ಯಯನದ ಶಿಖರವಾಗಿರುವ ಗ್ರಂಥದ ಮೂಲದಲ್ಲಿ ಹೀಗೆ ಒಬ್ಬ ಜಿಜ್ಞಾಸುವಿನ ಕೋರಿಕೆಯಿದೆ.

ಆದರೆ ಹೊಸ ವಿದ್ಯಾರ್ಥಿಯನ್ನು ಯಾರೂ ನೇರವಾಗಿ ಶಿಖರಕ್ಕೆ ಏರಿಸಲಿಲ್ಲ. ಅವನಿಗಾಗಿ ಆಚಾರ್ಯರು ಕಿರಿಯ ಪ್ರಕರಣಗ್ರಂಥಗಳನ್ನು ರಚಿಸಿದರು. ಇರುವ ತತ್ತ್ವಗಳನ್ನು ಸ್ವತಂತ್ರ, ಅಸ್ವತಂತ್ರ ಎಂದು ಎಣಿಸಿ ತೋರಿಸುವ 'ತತ್ತ್ವಸಂಖ್ಯಾನ'ವು ಕೆಲವೇ ಶ್ಲೋಕಗಳದ್ದು. ಶ್ರೀ ಜಯತೀರ್ಥರ 'ಪ್ರಮಾಣಪದ್ಧತಿ'ಯು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಮೂರು ಪರಿಚ್ಛೇದಗಳಲ್ಲಿ ಬೋಧಿಸುತ್ತದೆ. ಏನನ್ನು ನಂಬಬೇಕು ಎಂಬುದರ ಜೊತೆಗೆ, ತಿಳಿದದ್ದು ನಿಜವೆಂದು ತಿಳಿಯುವ ಬಗೆ ಯಾವುದು ಎಂಬುದನ್ನೂ ವಿದ್ಯಾರ್ಥಿ ಆರಂಭದಲ್ಲಿಯೇ ಕಲಿಯುತ್ತಾನೆ. ಭಗವಂತನ ಸ್ವರೂಪವು ಆಗಮದಿಂದಲೇ ವೇದ್ಯ. ಕೇವಲ ತರ್ಕಕ್ಕೆ ಅದು ನಿಲುಕದು. ಆದರೂ ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ನಿಶ್ಚಯಿಸುವುದು ಜೀವನಲ್ಲಿಯೇ ಇರುವ ಸಾಕ್ಷಿ. ಗುರುವಿನ ತಿಳಿವು ಎಷ್ಟೇ ದೊಡ್ಡದಾದರೂ ಶಿಷ್ಯನ ಸಾಕ್ಷಿಯ ಕೆಲಸವನ್ನು ಅದು ಮಾಡಲಾರದು.

ಸೂತ್ರಪಾಠದ ಕ್ರಮವೂ ಇದಕ್ಕೆ ಅನುಗುಣವಾಗಿದೆ. ಪ್ರತಿಯೊಂದು ಅಧಿಕರಣದಲ್ಲಿಯೂ ವಿಷಯ, ಸಂಶಯ, ಪೂರ್ವಪಕ್ಷಗಳು ಮುಗಿದ ಮೇಲೆಯೇ ಸಿದ್ಧಾಂತ ಬರುತ್ತದೆ. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ನಿರೂಪಿಸಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲ. ಶ್ರೀ ವ್ಯಾಸರಾಜರ 'ನ್ಯಾಯಾಮೃತ'ಕ್ಕೆ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯ ಮೂಲಕ ಉತ್ತರವಿತ್ತಾಗ, ವ್ಯಾಸ ರಾಮಾಚಾರ್ಯರು ಅವರ ಬಳಿಯಲ್ಲಿಯೇ ಶಿಷ್ಯರಾಗಿ ಓದಿ, ಬಳಿಕ 'ತರಂಗಿಣೀ' ಎಂಬ ಪ್ರತ್ಯುತ್ತರವನ್ನು ರಚಿಸಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಎರಡು ಪಕ್ಷಗಳಿಗೂ ಗೌರವ ತರುವ ಪ್ರಸಂಗವಿದು.

ಆಧುನಿಕ ಕಾಲದಲ್ಲಿ ಈ ಪಾಠಕ್ರಮವನ್ನು ಉಳಿಸಿದವರಲ್ಲಿ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು (1931–2019) ಪ್ರಮುಖರು. ಅವರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ಹಲವು ವರ್ಷಗಳ ಅಧ್ಯಯನವು ಸುಧಾಮಂಗಳದಲ್ಲಿ ಪೂರ್ಣಗೊಳ್ಳುತ್ತದೆ. ಮುಂಬಯಿ ಪ್ರದೇಶಕ್ಕೂ ಈ ಭಾಗ್ಯ ದೂರದ್ದಲ್ಲ. ರೂಪಾರೇಲ್ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ ಡಾ. ಬಿ. ಎನ್. ಕೆ. ಶರ್ಮ (1909–2005) ಅವರು ದ್ವೈತವೇದಾಂತದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು, ಮಠದ ಪಾಠವನ್ನು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ತಲುಪಿಸಿದರು. ಆ ಕೃತಿಗೆ 1963ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಘಣಸೋಲಿಯಿಂದ ಹೊರಟು ಐರೋಲಿಯ ಸೇತುವೆಯನ್ನು ದಾಟಿದರೆ ಸಿಗುವ ಮುಲುಂಡಿನಲ್ಲಿ, ಪಂಡಿತ ಮಾಹುಲಿ ಗೋಪಾಲಾಚಾರ್ಯರು ಬೆಳೆಸಿದ ಶ್ರೀ ಸತ್ಯಧ್ಯಾನ ವಿದ್ಯಾಪೀಠವಿದೆ.

ಉಡುಪಿ, ಧಾರವಾಡ, ಬಿಜಾಪುರದ ಕಡೆಗಳಿಂದ ಬಂದು ನವಿ ಮುಂಬಯಿಯಲ್ಲಿ ನೆಲೆಸಿದ ಮನೆಗಳ ಮಕ್ಕಳು ಇಂದು ವಿಜ್ಞಾನ, ತಂತ್ರಜ್ಞಾನಗಳನ್ನು ಓದುತ್ತಾರೆ. ದೇವರಿರುವುದಕ್ಕೆ ಆಧಾರವೇನು, ಜಗತ್ತಿನಲ್ಲಿ ದುಃಖವೇಕೆ, ಏಕಾದಶಿಯ ಉಪವಾಸವೇಕೆ ಎಂದು ಕೇಳುತ್ತಾರೆ. 'ಹಾಗೆಲ್ಲ ಕೇಳಬಾರದು' ಎಂಬ ಉತ್ತರ ಬಂದರೆ ಪ್ರಶ್ನೆ ಅಳಿಯುವುದಿಲ್ಲ. ಮಗು ಅದನ್ನು ಹೊತ್ತು ಬೇರೆ ಬಾಗಿಲಿಗೆ ಹೋಗುತ್ತದೆ. ಮನೆಯ ಹಿರಿಯರಿಗೆ ಉತ್ತರ ತಿಳಿಯದಿದ್ದರೆ ಅದು ಅವಮಾನವಲ್ಲ. ಮಗುವನ್ನು ಕರೆದುಕೊಂಡು ವಿದ್ವಾಂಸರ ಮುಂದೆ ತಾವೂ ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಬಹುದು. ಅಚ್ಯುತಪ್ರೇಕ್ಷರು ಶಿಷ್ಯರ ಪ್ರಶ್ನೆಗೆ ಕಿವಿಗೊಟ್ಟದ್ದರಿಂದಲೇ ಈ ಪರಂಪರೆ ಉದಿಸಿತು. ಅದನ್ನು ಮುಂದಿನ ತಲೆಮಾರಿಗೆ ದಾಟಿಸುವ ದಾರಿಯೂ ಅದೇ.

॥ ಶ್ರೀಕೃಷ್ಣಾರ್ಪಣಮಸ್ತು ॥