ನೂರು ದಿನಗಳ ಕೂಲಿ, ಎರಡು ಪಂಚಾಂಗ: ವಿಜಯಪುರ, ತಿಕೋಟಾ, ಬಬಲೇಶ್ವರ ಪರಿಸರದಲ್ಲಿ ಸರ್ಕಾರಿ ಉದ್ಯೋಗ ಖಾತರಿ

ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಹುಡುಕಿಯೂ ಕೆಲಸ ಸಿಗದೆ ಉಳಿದವರನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆಯಂತೆ ದೀರ್ಘಕಾಲದ ನಿರುದ್ಯೋಗಿಗಳು ಎಂದು ಕರೆಯಲಾಗುತ್ತದೆ. ಈ ವ್ಯಾಖ್ಯೆ ಕಾರ್ಖಾನೆಗಳೂ ನಿರುದ್ಯೋಗ ವಿಮೆಯೂ ಇರುವ ದೇಶಗಳ ಅನುಭವದಿಂದ ಹುಟ್ಟಿದ್ದು, ಒಣಬೇಸಾಯದ ನಾಡಿಗೆ ಅದನ್ನು ಅನ್ವಯಿಸಿದರೆ ನಿಜವಾದ ಬಡವ ಲೆಕ್ಕದಿಂದಲೇ ಜಾರಿಹೋಗುತ್ತಾನೆ; ಏಕೆಂದರೆ ವರ್ಷವಿಡೀ ಕೆಲಸವಿಲ್ಲದೆ ಕುಳಿತಿರುವಷ್ಟು ಅನುಕೂಲ ಕೂಲಿಯ ಮನೆತನಕ್ಕೆ ಇರುವುದಿಲ್ಲ. ಅಲ್ಲಿ ಕಾಣುವುದು ವರ್ಷದ ಕೆಲವು ತಿಂಗಳು ಕೆಲಸವಿದ್ದು ಉಳಿದ ತಿಂಗಳು ಇಲ್ಲದಿರುವ, ಅರ್ಥಶಾಸ್ತ್ರಜ್ಞರು ಅರೆ ಉದ್ಯೋಗ ಎನ್ನುವ ಸ್ಥಿತಿ. ಅದು ಪ್ರತಿ ವರ್ಷವೂ ಮರುಕಳಿಸುವುದರಿಂದ ಪರಿಣಾಮದಲ್ಲಿ ದೀರ್ಘಕಾಲದ್ದೇ ಆಗಿದೆ. ವಿಜಯಪುರ ನಗರದ ಸೊಲ್ಲಾಪುರ ರಸ್ತೆಯಿಂದ ತೊಡಗಿ ಪಶ್ಚಿಮದ ತಿಕೋಟಾ, ನೈಋತ್ಯದ ಬಬಲೇಶ್ವರ ತಾಲ್ಲೂಕುಗಳವರೆಗಿನ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು, ಸರ್ಕಾರ ಕೊಡುವ ಅರೆಕಾಲಿಕ ಸಾರ್ವಜನಿಕ ಕೆಲಸದ ಸಾಫಲ್ಯವು ಅದರ ಒಟ್ಟು ದಿನಗಳಿಗಿಂತ ಆ ದಿನಗಳು ಯಾವ ಮಾಸದಲ್ಲಿ, ಯಾವ ಊರಿನಲ್ಲಿ ದೊರೆಯುತ್ತವೆ ಎಂಬುದರ ಮೇಲೆ ನಿಂತಿದೆ ಎಂಬುದನ್ನು ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ.

ಈ ಪ್ರದೇಶದ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಅದೂ ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರಿನಲ್ಲಿ, ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಆದ್ದರಿಂದ ಎರೆಭೂಮಿಯ ಮುಖ್ಯ ಬೆಳೆಯಾದ ಬಿಳಿಜೋಳವನ್ನು ಹಿಂಗಾರಿಗೆ ಬಿತ್ತಿ, ಅದರ ರಾಶಿಯನ್ನು ಬೇಸಿಗೆಯ ಬಾಗಿಲಿಗೆ ಮುಗಿಸುವುದು ರೂಢಿ. ಮಾರ್ಚಿನಿಂದ ಜೂನಿನವರೆಗೆ ಒಣಭೂಮಿಯಲ್ಲಿ ಕೂಲಿಗೆ ಕರೆಯುವವರೇ ಇರುವುದಿಲ್ಲ. ಈ ಬಿಡುವನ್ನು ತುಂಬುತ್ತ ಬಂದಿರುವುದು ಗುಳೆ. ತಾಂಡಾಗಳ ಲಂಬಾಣಿ ಕುಟುಂಬಗಳೂ ಇತರ ಭೂಹೀನರೂ ಗೋವೆ, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಸಾಂಗಲಿ, ಕೊಲ್ಹಾಪುರ ಕಡೆಗೆ ಕಬ್ಬು ಕಡಿಯಲು ಹೋಗುವ ಗುಂಪುಗಳು ದೀಪಾವಳಿಯ ಸುಮಾರಿಗೆ ಹೊರಟು ಯುಗಾದಿಯ ಹೊತ್ತಿಗೆ ಮರಳುತ್ತವೆ. ಮರಳಿದ ಮೇಲೆ ಎದುರಾಗುವುದು ಮತ್ತದೇ ಕೆಲಸವಿಲ್ಲದ ಬೇಸಿಗೆ.

ಕೆಲಸವಿಲ್ಲದವರಿಗೆ ಸರ್ಕಾರವೇ ಕೆಲಸ ಕೊಡುವ ಪದ್ಧತಿ ಇಲ್ಲಿ ಹೊಸದಲ್ಲ. 1876-78ರ ಬರದಲ್ಲಿ, ಜಿಲ್ಲೆ ಇನ್ನೂ ಕಲಾದಗಿಯ ಹೆಸರಿನಲ್ಲಿದ್ದಾಗ, ಮುಂಬಯಿ ಪ್ರಾಂತದ ಆಡಳಿತ ರಸ್ತೆ, ಕೆರೆಗಳ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ವೈಸ್‌ರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಕೆಲಸಗಾರನ ದಿನದ ಧಾನ್ಯದ ಪ್ರಮಾಣವನ್ನು ಒಂದು ಪೌಂಡಿಗೆ ಇಳಿಸಿದ್ದಲ್ಲದೆ, ನಿಜವಾಗಿ ಹಸಿದವನು ಮಾತ್ರ ಬರಲೆಂಬ ತರ್ಕದಿಂದ ಮನೆಯಿಂದ ಹತ್ತು ಮೈಲಿಯೊಳಗಿನವರಿಗೆ ಕೆಲಸ ನಿರಾಕರಿಸುವ ‘ದೂರದ ಪರೀಕ್ಷೆ’ಯನ್ನು ಜಾರಿಗೆ ತಂದನು. 1877ರ ಆರಂಭದಲ್ಲಿ ಮುಂಬಯಿ ಪ್ರಾಂತದ ಕೆಲಸಗಾರರು ಗುಂಪುಗುಂಪಾಗಿ ಕಾಮಗಾರಿಗಳನ್ನು ಬಿಟ್ಟು ಹೊರನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕುಸಿದದ್ದನ್ನು ನೋಡಿದರೆ, ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಯಾರು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಿಲ್ಲ. ಬರದ ನಂತರ 1880ರ ಕ್ಷಾಮ ಆಯೋಗವೂ ಅದರ ಹಿಂದೆಯೇ ಕ್ಷಾಮ ಸಂಹಿತೆಗಳೂ ಬಂದವು. ಬರದ ನಾಡಿಗೆ ಧಾನ್ಯ ಸಾಗಿಸುವ ದೃಷ್ಟಿಯೂ ಸೇರಿ ಹೊಟಗಿ-ಗದಗ ರೈಲುಮಾರ್ಗ 1884ರಲ್ಲಿ ತೆರೆಯಿತು. ಆದರೆ ಸಂಹಿತೆಗಳ ಮೂಲತತ್ತ್ವ ಬದಲಾಗಲಿಲ್ಲ: ಕೆಲಸವು ಸಂಕಟಕಾಲದಲ್ಲಿ ಸರ್ಕಾರ ತೋರುವ ಕೃಪೆ, ಪ್ರಜೆ ಕೇಳಿ ಪಡೆಯುವ ಹಕ್ಕಲ್ಲ.

ಈ ತತ್ತ್ವವನ್ನು ಮೊದಲು ಮುರಿದದ್ದು ನೆರೆಯ ಮಹಾರಾಷ್ಟ್ರ. ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದ ವಿ. ಸ. ಪಾಗೆಯವರ ಚಿಂತನೆಯ ಫಲವಾಗಿ 1965ರಲ್ಲಿ ಸಾಂಗಲಿ ಜಿಲ್ಲೆಯ ತಾಸಗಾಂವ ಭಾಗದಲ್ಲಿ ಪ್ರಾಯೋಗಿಕವಾಗಿ ನಡೆದ ಯೋಜನೆಯು 1972ರ ಭೀಕರ ಬರದಲ್ಲಿ ರಾಜ್ಯವ್ಯಾಪಿಯಾಗಿ, 1977ರಲ್ಲಿ ಕಾಯ್ದೆಯ ರೂಪ ಪಡೆಯಿತು. ನಗರದ ಸಂಬಳದಾರರಿಂದ ವಸೂಲಾಗುವ ವೃತ್ತಿ ತೆರಿಗೆಯಿಂದ ಹಳ್ಳಿಯ ಕೂಲಿಗೆ ಹಣ ಒದಗಿಸುವ ಅದರ ವ್ಯವಸ್ಥೆ ಇಂದಿಗೂ ಗಮನಾರ್ಹ. ತಿಕೋಟಾ ತಾಲ್ಲೂಕಿಗೆ ಅಂಟಿಕೊಂಡಿರುವ ಜತ್ತ ತಾಲ್ಲೂಕು ಅದೇ ಸಾಂಗಲಿ ಜಿಲ್ಲೆಯದು, ಕನ್ನಡ ಮಾತನಾಡುವ ಜನ ದಟ್ಟವಾಗಿರುವ ಸೀಮೆ. ಡೋಣಿ ನದಿ ಹುಟ್ಟುವುದೂ ಅಲ್ಲಿಯೇ. ಹೀಗೆ ಒಂದೇ ನದಿಯ ಮೇಲ್ದಂಡೆಯ ಕನ್ನಡಿಗನಿಗೆ ಕೆಲಸ ಕೇಳುವ ಹಕ್ಕು ದೊರೆತು ಮೂರು ದಶಕಗಳಾದ ಮೇಲೆ ಕೆಳದಂಡೆಯವನಿಗೆ ಅದು ಬಂದಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಬೀದರ, ಕಲಬುರಗಿ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಆಯ್ಕೆಯಾದವು. ಬರಕ್ಕೆ ಹೆಸರಾದ ವಿಜಯಪುರ ಮೂರನೆಯ ಹಂತಕ್ಕೆ, ಅಂದರೆ 2008ರ ಏಪ್ರಿಲ್‌ವರೆಗೆ, ಕಾಯಬೇಕಾಯಿತು.

ಜನರ ಬಾಯಲ್ಲಿ ‘ಖಾತ್ರಿ ಕೆಲಸ’ ಎನಿಸಿಕೊಂಡ ಈ ಕಾಯ್ದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿ ಕೊಟ್ಟಿತು. ನಮೂನೆ 6ರಲ್ಲಿ ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಕೊಡಬೇಕು, ತಪ್ಪಿದರೆ ನಿರುದ್ಯೋಗ ಭತ್ಯೆ ಕೊಡಬೇಕು. ಕೆಲಸ ಐದು ಕಿಲೋಮೀಟರಿನೊಳಗೆ ಇರಬೇಕು, ಅದನ್ನು ಮೀರಿದರೆ ಶೇ 10ರಷ್ಟು ಹೆಚ್ಚು ಕೂಲಿ ಕೊಡಬೇಕು. ಟೆಂಪಲ್‌ನ ಹತ್ತು ಮೈಲಿಯ ಪಕ್ಕದಲ್ಲಿ ಈ ಐದು ಕಿಲೋಮೀಟರನ್ನು ಇಟ್ಟು ನೋಡಿದಾಗ ಕಾಯ್ದೆಯ ಐತಿಹಾಸಿಕ ಮಹತ್ವ ಸ್ಪಷ್ಟವಾಗುತ್ತದೆ. ಗುತ್ತಿಗೆದಾರರಿಗೆ ಅವಕಾಶವಿಲ್ಲ, ಫಲಾನುಭವಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ ಈ ಕೂಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ, 2025-26ರಲ್ಲಿ 370 ರೂಪಾಯಿ ಇದ್ದಿತು.

ಕಾಯ್ದೆಯ ಅಕ್ಷರಕ್ಕೂ ಆಚರಣೆಗೂ ನಡುವಿನ ಅಂತರವನ್ನು ಭ್ರಷ್ಟಾಚಾರದ ಒಂದೇ ಮಾತಿನಿಂದ ವಿವರಿಸುವುದು ಸುಲಭ, ಆದರೆ ಅಪೂರ್ಣ. ಅಂತರದ ಒಂದು ಬೇರು ಕಾಯ್ದೆಯ ರಚನೆಯಲ್ಲಿಯೇ ಇದೆ. ಕೂಲಿಯ ಹಣ ಕೇಂದ್ರದ್ದು, ನಿರುದ್ಯೋಗ ಭತ್ಯೆಯ ಹೊಣೆ ರಾಜ್ಯದ್ದು. ಆದ್ದರಿಂದ ಅರ್ಜಿಗೆ ದಿನಾಂಕ ಹಾಕಿದ ಸ್ವೀಕೃತಿ ಕೊಡುವುದೆಂದರೆ ರಾಜ್ಯದ ಮೇಲೆ ಸಾಲದ ಪತ್ರ ಬರೆದಂತೆ. ಕೆಳಹಂತದ ಕಚೇರಿಗಳು ಸ್ವೀಕೃತಿ ಕೊಡಲು ಹಿಂಜರಿಯುವುದೂ, ಕ್ರಿಯಾಯೋಜನೆ ಸಿದ್ಧವಾಗಿ ಕಾಮಗಾರಿ ತೆರೆದಾಗ ಮಾತ್ರ ಅರ್ಜಿ ಬರೆಸಿಕೊಳ್ಳುವುದೂ ಇದರ ನೇರ ಫಲ. ಬೇಡಿಕೆ ಆಧರಿಸಿದ ಕಾಯ್ದೆ ಹೀಗೆ ಪೂರೈಕೆ ಆಧರಿಸಿದ ಯೋಜನೆಯಾಗಿ ಮಾರ್ಪಡುತ್ತದೆ. ಉತ್ತರ ಕರ್ನಾಟಕದಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥ ಕೂಲಿಕಾರರ ಸಂಘಗಳು ಸ್ವೀಕೃತಿಯ ಚೀಟಿಗೆ ಪಟ್ಟುಹಿಡಿದದ್ದು ಈ ಕಾರಣಕ್ಕೆ. 2023ರಿಂದ ಎಲ್ಲ ಸಮುದಾಯ ಕಾಮಗಾರಿಗಳಲ್ಲಿ ಮೊಬೈಲ್ ಆ್ಯಪಿನ ಮೂಲಕ ದಿನಕ್ಕೆರಡು ಬಾರಿ ಭಾವಚಿತ್ರಸಹಿತ ಹಾಜರಿ ಕಡ್ಡಾಯವಾದ ಮೇಲೆ, ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಹೆಸರಿನ ಮೇಸ್ತ್ರಿಗಳ ಗಮನ ಕೆಲಸದ ಅಳತೆಗಿಂತ ನೆಟ್‌ವರ್ಕಿನ ಕಡೆಗೆ ಹೋಗಿದ್ದರೆ ಆಶ್ಚರ್ಯವಿಲ್ಲ.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಿಗೆ ವಿಶಿಷ್ಟವಾದ ಪ್ರಶ್ನೆ ಬೇರೆಯೇ ಇದೆ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯೂ, ಅದಕ್ಕೂ ಮೊದಲಿನ ಕೊಳವೆಬಾವಿಗಳೂ ಈ ಭಾಗದ ಒಂದಷ್ಟು ಭೂಮಿಯನ್ನು ದ್ರಾಕ್ಷಿಯ ತೋಟವನ್ನಾಗಿಸಿವೆ. ಇಲ್ಲಿಯ ಒಣದ್ರಾಕ್ಷಿ ವಿಜಯಪುರದ ಮಾರುಕಟ್ಟೆಗೂ, ಉದ್ಯೋಗ ಖಾತರಿಯ ತವರಾದ ಅದೇ ತಾಸಗಾಂವಕ್ಕೂ ಹೋಗುತ್ತದೆ. ದ್ರಾಕ್ಷಿಯ ಪಂಚಾಂಗ ಜೋಳದ ಪಂಚಾಂಗವಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು ಮತ್ತು ಒಣಗಿಸುವಿಕೆ, ಅದರ ಬೆನ್ನಿಗೆ ಬೇಸಿಗೆಯ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮತ್ತೆ ಅಕ್ಟೋಬರಿನ ಸುಮಾರಿಗೆ ಫಲದ ಚಾಟಣಿ. ಒಣಭೂಮಿಯ ಕೂಲಿಕಾರ ಖಾತ್ರಿ ಕೆಲಸಕ್ಕೆ ಹಂಬಲಿಸುವ ಮಾರ್ಚ್-ಏಪ್ರಿಲ್ ತಿಂಗಳುಗಳೇ ತೋಟದ ಮಾಲೀಕನಿಗೆ ಆಳು ಬೇಕಾಗುವ ತಿಂಗಳುಗಳು. ಖಾತ್ರಿ ಕೆಲಸದಿಂದ ಆಳು ಸಿಗದಂತಾಗಿದೆ ಎಂಬ ರೈತರ ದೂರಿಗೆ ಈ ಕಾಲದ ಘರ್ಷಣೆಯಲ್ಲಿ ಒಂದಿಷ್ಟು ಆಧಾರವಿದೆ. ಆದರೆ ಚಾಟಣಿಯು ಕಸುಬು ಬಲ್ಲ ತಂಡಗಳು ಗುತ್ತಿಗೆಯ ಲೆಕ್ಕದಲ್ಲಿ ಮಾಡುವ ಕೆಲಸವಾದ್ದರಿಂದ, ಕೆರೆಯ ಹೂಳೆತ್ತಲು ಬರುವ ವಯಸ್ಸಾದ ಹೆಣ್ಣುಮಗಳನ್ನು ತೋಟ ಸಾಮಾನ್ಯವಾಗಿ ಕರೆಯುವುದಿಲ್ಲ ಎಂಬುದನ್ನು ಆ ದೂರು ಮರೆಯುತ್ತದೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ಹಳೆಯ ಕಾಯ್ದೆಯ ಜಾಗಕ್ಕೆ ಬರುವ ವಿಬಿ-ಜಿ ರಾಮ್ ಜಿ ಕಾಯ್ದೆಯು ಈ ಘರ್ಷಣೆಯನ್ನು ಮಾಲೀಕರ ಪರವಾಗಿ ಬಗೆಹರಿಸಲು ಹೊರಟಿದೆ. ಅದು ದಿನಗಳನ್ನು 125ಕ್ಕೆ ಏರಿಸಿದೆ, ವೆಚ್ಚದ ಶೇ 40ನ್ನು ಕರ್ನಾಟಕದಂಥ ರಾಜ್ಯಗಳ ಮೇಲೆ ಹಾಕಿದೆ, ಬಿತ್ತನೆ-ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶ ಕೊಟ್ಟಿದೆ. ಏಪ್ರಿಲನ್ನು ಕೃಷಿಯ ಸುಗ್ಗಿಯೆಂದು ಇಡೀ ಜಿಲ್ಲೆಗೆ ಘೋಷಿಸಿದರೆ ದ್ರಾಕ್ಷಿಯ ಊರಿಗೆ ಅನುಕೂಲವಾದೀತು, ಆದರೆ ನೀರು ಮುಟ್ಟದ ಪಕ್ಕದ ಊರಿನ ಒಣ ಬೇಸಿಗೆ ಕೂಲಿಯೂ ಇಲ್ಲದ ಬೇಸಿಗೆಯಾಗುತ್ತದೆ. ಅಕ್ಟೋಬರನ್ನು ಘೋಷಿಸಿದರೆ ಎರಡೂ ಊರಿಗೆ ಹೆಚ್ಚು ಹಾನಿಯಿಲ್ಲ, ಆಗ ಹಿಂಗಾರಿ ಬಿತ್ತನೆಯೂ ಚಾಟಣಿಯೂ ಒಟ್ಟಿಗೆ ಬರುತ್ತವೆ. ದಿನಗಳ ಸಂಖ್ಯೆ 100ರಿಂದ 125ಕ್ಕೆ ಏರಿತೆಂಬ ಚರ್ಚೆಯಲ್ಲಿ ಈ ವ್ಯತ್ಯಾಸ ಮರೆಯಾಗಿದೆ.

ಇನ್ನು ನಗರ. 2011ರ ಜನಗಣತಿಯಲ್ಲಿ ಸುಮಾರು 3.27 ಲಕ್ಷ ಜನರಿದ್ದ ವಿಜಯಪುರದಲ್ಲಿ ಉದ್ಯೋಗ ಖಾತರಿಯ ಹಕ್ಕೇ ಇಲ್ಲ. ಗ್ರಾಮ ಪಂಚಾಯಿತಿಯು ಪಟ್ಟಣ ಪಂಚಾಯಿತಿಯಾಗಿ ಬಡ್ತಿ ಪಡೆದ ದಿನವೇ ಅಲ್ಲಿಯ ಕೂಲಿಕಾರನ ಉದ್ಯೋಗ ಚೀಟಿ ನಿರರ್ಥಕವಾಗುತ್ತದೆ. ಜಿಲ್ಲೆಯ ಮನಗೂಳಿ, ಕೊಲ್ಹಾರ, ನಿಡಗುಂದಿಗಳು ಈ ಬಡ್ತಿ ಪಡೆದ ಊರುಗಳು. 1997ರ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆಯಲ್ಲಿ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆಂದು ಕೂಲಿ ಉದ್ಯೋಗದ ಒಂದು ಭಾಗವಿತ್ತು, ವಿಜಯಪುರದಂಥ ಊರು ಅದರ ವ್ಯಾಪ್ತಿಗೆ ಸೇರುತ್ತಿತ್ತು. 2013ರಲ್ಲಿ ಅದರ ಸ್ಥಾನಕ್ಕೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ತರಬೇತಿ, ಸ್ವಸಹಾಯ ಸಂಘ, ಸಾಲಗಳನ್ನು ಇಟ್ಟುಕೊಂಡು ಕೂಲಿಯ ಭಾಗವನ್ನು ಕೈಬಿಟ್ಟಿತು. ಹೆಚ್ಚಿನ ಚರ್ಚೆಯಿಲ್ಲದೆ ನಡೆದ ಈ ಕೈಬಿಡುವಿಕೆ ನಗರದ ಬಡವರ ದೃಷ್ಟಿಯಿಂದ ದೊಡ್ಡ ನಷ್ಟ.

ನಗರದಲ್ಲಿ ದೀರ್ಘಕಾಲದ ನಿರುದ್ಯೋಗಿ ಎಂಬ ವ್ಯಾಖ್ಯೆಗೆ ನಿಜವಾಗಿ ಹೊಂದುವವರು ಪದವಿ ಪಡೆದ ಯುವಕ-ಯುವತಿಯರು. 2024ರ ಜನವರಿಯಲ್ಲಿ ಆರಂಭವಾದ ಕರ್ನಾಟಕದ ಯುವನಿಧಿ ಯೋಜನೆಯು ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಹೀಗಾಗಿ ಹಳ್ಳಿಯ ಅನಕ್ಷರಸ್ಥೆಗೆ ಹಣ ಬೇಕಾದರೆ ಮಣ್ಣು ಹೊರಬೇಕು. ನಗರದ ಪದವೀಧರನಿಗೆ ಹಣವಿದೆ, ಕೆಲಸದ ಅನುಭವ ಮಾತ್ರ ಇಲ್ಲ. ನಗರದ ಅನಕ್ಷರಸ್ಥ ಕೂಲಿಕಾರನಿಗೆ ಎರಡೂ ಇಲ್ಲ.

ಹೊರನಾಡುಗಳ ಎರಡು ಮಾದರಿಗಳು ಇಲ್ಲಿ ಉಪಯುಕ್ತ. ಐರ್ಲೆಂಡಿನಲ್ಲಿ 1994ರಿಂದ ನಡೆಯುತ್ತಿರುವ ಸಮುದಾಯ ಉದ್ಯೋಗ ಯೋಜನೆಯು ದೀರ್ಘಕಾಲದ ನಿರುದ್ಯೋಗಿಗಳನ್ನು ವಾರಕ್ಕೆ 19.5 ಗಂಟೆಗಳ ಕೆಲಸಕ್ಕೆ ಸ್ಥಳೀಯ ಸಂಸ್ಥೆಗಳಲ್ಲಿ ನೇಮಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ 2007ರಿಂದ ಪ್ರಯೋಗವಾಗಿ ಬೆಳೆದ ಸಮುದಾಯ ಕೆಲಸದ ಕಾರ್ಯಕ್ರಮ ಭಾರತದ ಕಾಯ್ದೆಯಿಂದಲೂ ಪ್ರೇರಣೆ ಪಡೆದದ್ದು. ಆದರೆ ಅದೇ ನೂರು ದಿನಗಳನ್ನು ಅದು ವಾರಕ್ಕೆ ಎರಡು ದಿನಗಳಂತೆ ವರ್ಷಪೂರ್ತಿ ಹಂಚುತ್ತದೆ. ವಾರದ ಉಳಿದ ದಿನಗಳಲ್ಲಿ ಬೇರೆ ಕೂಲಿಗೆ ಹೋಗಲು ಅಡ್ಡಿಯಿಲ್ಲದ್ದರಿಂದ ಮಾಲೀಕರೊಡನೆ ಘರ್ಷಣೆ ಕಡಿಮೆ, ಮುದುಕರ ಆರೈಕೆ, ಶಾಲೆಯ ಕೈತೋಟಗಳಂಥ ನಿರಂತರ ಸೇವೆಗಳಿಗೂ ಅದು ಒಗ್ಗುತ್ತದೆ. ಗುಂಡಿ ತೋಡುವ ಕೆಲಸಕ್ಕೆ ಈ ಹಂಚಿಕೆ ಹೊಂದುವುದಿಲ್ಲ. ಮಮದಾಪುರದ ಆದಿಲಶಾಹಿ ಕಾಲದ ಕೆರೆಯ ಹೂಳನ್ನು ನೀರು ಇಳಿದ ಬೇಸಿಗೆಯಲ್ಲಿ ಒಮ್ಮೆಗೇ ಎತ್ತಬೇಕು. ಗುಳೆ ಹೋಗುವವರಿಗೂ ವಾರಕ್ಕೆರಡು ದಿನಗಳ ಈ ಹಂಚಿಕೆ ಪ್ರಯೋಜನಕ್ಕೆ ಬಾರದು. ಊರಲ್ಲೇ ಉಳಿಯುವ ವಯಸ್ಸಾದವರು, ಅಂಗವಿಕಲರು, ಒಂಟಿ ಮಹಿಳೆಯರಿಗೆ ಮಾತ್ರ ಅದಕ್ಕಿಂತ ಯೋಗ್ಯವಾದ ಕ್ರಮವಿಲ್ಲ.

ನಗರಕ್ಕೆ ಸಂಬಂಧಿಸಿದಂತೆ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ 2020ರಲ್ಲಿ ಮುಂದಿಟ್ಟ ಪ್ರಸ್ತಾವವಿದೆ. ಅದರಂತೆ ಸರ್ಕಾರ ‘ಉದ್ಯೋಗ ಮುದ್ರೆ’ಗಳನ್ನು ಅಚ್ಚುಹಾಕಿ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಂಥ ಅಂಗೀಕೃತ ಸಂಸ್ಥೆಗಳಿಗೆ ಕೊಡುತ್ತದೆ; ಸಂಸ್ಥೆ ಒಂದು ಮುದ್ರೆಗೆ ಒಂದು ದಿನದ ಕೆಲಸ ಪಡೆಯುತ್ತದೆ, ಕೂಲಿಯನ್ನು ಸರ್ಕಾರ ನೇರವಾಗಿ ಕೆಲಸಗಾರನಿಗೆ ಕೊಡುತ್ತದೆ. ಸೊಲ್ಲಾಪುರ ರಸ್ತೆಯ ವೈದ್ಯಕೀಯ ವಿದ್ಯಾಲಯ ಸೇರಿದಂತೆ ಅನೇಕ ಶಿಕ್ಷಣ ಸಂಸ್ಥೆಗಳೂ, ತಾಜ್ ಬಾವಡಿ, ಚಾಂದ್ ಬಾವಡಿಗಳೂ, ಸುರಂಗ ಬಾವಡಿಯ ಜಲಮಾರ್ಗವೂ ಇರುವ ಊರಿನಲ್ಲಿ ಇಂಥ ಮುದ್ರೆಗಳಿಗೆ ಕೆಲಸದ ಕೊರತೆಯಾಗದು.

ಇದರಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡುವುದು ಸಲ್ಲದು. ಅರೆಕಾಲಿಕ ನೇಮಕವು ಕಾಯಂ ಪೌರಕಾರ್ಮಿಕರ ಜಾಗವನ್ನು ಅಗ್ಗದ ಕೂಲಿಯಿಂದ ತುಂಬುವ ಉಪಾಯವಾಗಬಹುದು. ಅಂಗನವಾಡಿ, ಆಶಾ, ಬಿಸಿಯೂಟದ ಕಾರ್ಯಕರ್ತೆಯರಿಗೆ ಗೌರವಧನವೆಂಬ ಹೆಸರಿನಲ್ಲಿ ಹಣ ಕೊಟ್ಟು, ಕಾಗದದ ಮೇಲೆ ಸ್ವಯಂಸೇವಕಿಯರಾಗಿಸಿ ಪೂರ್ಣಕಾಲದ ದುಡಿಮೆ ಪಡೆಯುವ ಅಭ್ಯಾಸ ಸರ್ಕಾರಕ್ಕೆ ಈಗಾಗಲೇ ಚೆನ್ನಾಗಿ ಒಗ್ಗಿದೆ. ಆದುದರಿಂದ ಮಂಜೂರಾದ ಹುದ್ದೆ ಖಾಲಿಯಿರುವ ಕೆಲಸಕ್ಕೆ ಉದ್ಯೋಗ ಮುದ್ರೆಯನ್ನು ಬಳಸಬಾರದೆಂಬ ನಿಯಮ ಮೊದಲೇ ಇರಬೇಕು.

ಹಳ್ಳಿಗಳ ಮಟ್ಟಿಗೆ, ಹೊಸ ಕಾಯ್ದೆಯಂತೆ ಕಾಮಗಾರಿ ನಿಲ್ಲಿಸುವ 60 ದಿನಗಳನ್ನು ನಿಗದಿಪಡಿಸುವ ಅಧಿಸೂಚನೆಯನ್ನು ರಾಜ್ಯ ಸರ್ಕಾರ ಇಡೀ ಜಿಲ್ಲೆಗೆ ಒಂದಾಗಿ ಹೊರಡಿಸದೆ, ಪ್ರತಿ ಗ್ರಾಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಕೂಲಿಕಾರರನ್ನೂ ರೈತರನ್ನೂ ಕೇಳಿ ಹೊರಡಿಸಬೇಕು. ನೀರು ಮುಟ್ಟದ ಊರುಗಳಲ್ಲಿ ಮಾರ್ಚಿನಿಂದ ಮೇ ಅಂತ್ಯದವರೆಗೆ ಒಂದು ದಿನವೂ ಕಾಮಗಾರಿ ನಿಲ್ಲಬಾರದು.